ಮೋಗ್ಲಿಂಗ್ ಬೋಧಕರ ಪಂಕ್ತಿ

ವಿಜಯಪುರದಿಂದ ಅಥಣಿ ರಸ್ತೆಯನ್ನು ಹಿಡಿದು ತಿಕೋಟಾದ ಕಡೆಗೆ ಹೋಗುವಾಗ ಜೋಳದ ಹೊಲಗಳನ್ನೂ ದ್ರಾಕ್ಷಿಯ ತೋಟಗಳನ್ನೂ ಕಾಣುತ್ತೇವೆ. ಈ ಸೀಮೆಯಲ್ಲಿ ಬೆಳೆದವರಿಗೆ ಜೋಳದ ರೊಟ್ಟಿಯೇ ಊಟ. ಕರಾವಳಿಯವರಿಗೆ ಕುಚ್ಚಲಕ್ಕಿಯ ಗಂಜಿಯೇ ಊಟ. ಒಬ್ಬರ ಅಡಿಗೆಯು ಮತ್ತೊಬ್ಬರ ಬಾಯಿಗೆ ಹಿಡಿಸದಿರುವದು ಸಹಜವು. ಆದರೆ ರುಚಿ ತಿಳಿಯದೆ ಎಡೆಯನ್ನು ಬಿಡುವದು ಬೇರೆ, ಬಡಿಸಿದವರ ಕೈ ಹೀನವೆಂದು ಬಿಡುವದು ಬೇರೆ. ಈ ಎರಡನ್ನೂ ಜಯಿಸಿದ ಒಬ್ಬ ಪರದೇಶಸ್ಥರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಹೆರ್ಮನ್ ಮೋಗ್ಲಿಂಗರು 1811ನೇ ಇಸವಿಯಲ್ಲಿ ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ ದೇವಶಾಸ್ತ್ರವನ್ನು ಕಲಿತು, ಬಾಸೆಲ್ ಮಿಶನ್ನಿನವರಿಂದ ಕಳುಹಿಸಲ್ಪಟ್ಟು 1836ರಲ್ಲಿ ಮಂಗಳೂರಿಗೆ ಬಂದರು. ಆ ಕಾಲದಲ್ಲಿ ಈ ದೇಶದಲ್ಲಿದ್ದ ಐರೋಪ್ಯರಲ್ಲಿ ಹೆಚ್ಚಿನವರು ತಮ್ಮ ಬಂಗಲೆ, ತಮ್ಮ ಮೇಜು, ತಮ್ಮ ಅಡಿಗೆ ಇವುಗಳೊಳಗೇ ಜೀವಿಸುತ್ತಿದ್ದರು. ಮೋಗ್ಲಿಂಗರಾದರೋ ತಾವು ಕಲಿಸುತ್ತಿದ್ದ ಹುಡುಗರ ಸಂಗಡಲೇ ವಾಸಮಾಡಿ, ಅವರು ಉಣ್ಣುವದನ್ನೇ ಉಂಡರು. ಗೋದಿಯ ರೊಟ್ಟಿಗೆ ಪಳಗಿದ ನಾಲಿಗೆಗೆ ಅನ್ನವೂ ಸಾರೂ ಹೊಸತಾಗಿದ್ದವು. ಆದರೂ ದೂರದಲ್ಲಿ ಕೂತು ಉಣ್ಣುವವನಿಗೆ ಶಿಷ್ಯರ ಹೃದಯವು ದೂರವೇ ಇರುವದೆಂದು ಅವರು ಅರಿತಿದ್ದರು.

1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯರೂ ಇನ್ನಿಬ್ಬರು ಸಾರಸ್ವತ ಯುವಕರೂ ದೀಕ್ಷಾಸ್ನಾನ ಹೊಂದಿದರು. ಅನ್ಯರೊಡನೆ ಉಂಡವನು ಜಾತಿಗೆ ಹೊರಗಾಗುತ್ತಿದ್ದ ದಿನಗಳವು. ಹುಟ್ಟಿದ ಮನೆಯ ಪಂಕ್ತಿಯನ್ನು ಕಳಕೊಂಡವರಿಗೆ ಬೇರೊಂದು ಪಂಕ್ತಿಯು ಬೇಕಾಗಿತ್ತು. ಅದು ಗುರುವಿನ ಮನೆಯಲ್ಲಿ ದೊರಕಿತು. 1846ರಲ್ಲಿ ಮೋಗ್ಲಿಂಗರು ಕೌಂಡಿನ್ಯರನ್ನು ಯುರೋಪಿಗೆ ಕರಕೊಂಡು ಹೋದರು. ಈಗ ಶಿಷ್ಯನ ಸರದಿ ಬಂತು. ಕೌಂಡಿನ್ಯರು ಬಾಸೆಲಿನಲ್ಲಿ ಪರದೇಶದ ಊಟವನ್ನುಂಡು ಪರಭಾಷೆಯಲ್ಲಿ ಓದಿ, 1851ರಲ್ಲಿ ಬೋಧಕರಾಗಿ ಹಿಂತಿರುಗಿದರು.

ಎಡೆಯಲ್ಲಿ ಕಲಿತ ಪಾಠವನ್ನು ಮೋಗ್ಲಿಂಗರು ನುಡಿಯಲ್ಲಿಯೂ ನಡಿಸಿದರು. 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೇ ಪತ್ರಿಕೆಯನ್ನು ಹೊರಡಿಸಿದರು. ಕನ್ನಡಿಗರ ಗಾದೆಗಳನ್ನು ಕೂಡಿಸಿದರು. ತರುವಾಯ ಕಾಸಾಮೇಜರ್ ಎಂಬ ನ್ಯಾಯಾಧೀಶರ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವುಗಳನ್ನು ಕಲ್ಲಚ್ಚಿನಲ್ಲಿ ಅಚ್ಚುಹಾಕಿಸಿದರು. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಚರಿತ್ರೆಯನ್ನು ಜರ್ಮನಿಯ ಕ್ರೈಸ್ತ ಬೋಧಕರೊಬ್ಬರು ಅಚ್ಚಿಗೆ ತಂದದ್ದು ಸಣ್ಣ ಮಾತಲ್ಲ. ತಾವು ನಂಬಿದ್ದನ್ನು ಬಿಡದೆಯೇ ನೆರೆಯವರು ಪ್ರೀತಿಸುವದನ್ನು ಗೌರವಿಸಬಹುದೆಂದು ಅವರು ತೋರಿಸಿದರು.

1853ರಲ್ಲಿ ಅವರು ಕೊಡಗಿಗೆ ಹೋದರು. ಪರರ ಹೊಲಗಳಲ್ಲಿ ದುಡಿಯುತ್ತಿದ್ದ ದಲಿತರಿಗಾಗಿ ಅಲ್ಲಿ ಆನಂದಪುರವೆಂಬ ಹಳ್ಳಿಯು ಏರ್ಪಟ್ಟಿತು. ಮುಂದೆ ಅದನ್ನು ನೋಡಿಕೊಂಡವರು ಸಾರಸ್ವತ ಕುಲದ ಆ ಕೌಂಡಿನ್ಯರೇ. 1860ರಲ್ಲಿ ಮೋಗ್ಲಿಂಗರು ಸ್ವದೇಶಕ್ಕೆ ಮರಳಿ, 1881ರಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ನಿದ್ರೆಹೋದರು.

ಸಹೋದರ ಸಹೋದರಿಯರೇ, ನಮ್ಮ ಸಭೆಗಳಿಗೆ ಹಲವು ಕುಲಗಳಿಂದ ಬಂದವರಾಗಿದ್ದೇವೆ. ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿಯನ್ನು ಮುರಿದು ತಿನ್ನುವ ನಾವು, ಮದುವೆಯ ಊಟದಲ್ಲಿ ಯಾರ ಪಕ್ಕದಲ್ಲಿ ಕೂತುಕೊಳ್ಳುತ್ತೇವೆ? ಅಂತಿಯೋಕ್ಯದಲ್ಲಿ ಅಪೊಸ್ತಲನಾದ ಪೇತ್ರನೇ ಜನರಿಗೆ ಹೆದರಿ ಅನ್ಯಜನರ ಊಟದಿಂದ ಹಿಂದೆಗೆದದ್ದನ್ನೂ ಪೌಲನು ಎದುರಾಗಿಯೇ ಖಂಡಿಸಿದ್ದನ್ನೂ ನಾವು ಓದಿದ್ದೇವೆ. ಸಮುದ್ರ ದಾಟಿ ಬಂದವರು ನಮ್ಮ ಅನ್ನವನ್ನು ಉಂಡರು. ಓಣಿಯ ಆಚೆಯ ಮನೆಯಿಂದ ಕರೆ ಬಂದಾಗ ನಾವು ಹೊಸ್ತಿಲು ದಾಟಿ, ಬಡಿಸಿದ್ದನ್ನು ಸಂತೋಷದಿಂದ ಉಣ್ಣೋಣ. ಅವರನ್ನೂ ನಮ್ಮ ಮನೆಯ ರೊಟ್ಟಿಗೆ ಕರೆಯೋಣ.