ಬಿಡುವಿನ ವೇಳೆಯ ಗಣಿತಜ್ಞ ಫೆರ್ಮಾ

ಫ್ರಾನ್ಸಿನ ನೈಋತ್ಯ ಭಾಗದ ಬೊಮೋಂ ಎಂಬ ಸಣ್ಣ ಊರಿನಲ್ಲಿ, 17ನೆಯ ಶತಮಾನದ ಮೊದಲ ದಶಕದಲ್ಲಿ, ತೊಗಲಿನ ವ್ಯಾಪಾರಿಯೊಬ್ಬನ ಮಗನಾಗಿ ಪಿಯೆರ್ ದ ಫೆರ್ಮಾ ಜನಿಸಿದನು. ಕಾಯಿದೆ ಓದಿ, 1631ರಲ್ಲಿ ತುಲೂಸ್ ನಗರದ ಉಚ್ಚ ನ್ಯಾಯಾಲಯದ ಅಧಿಕಾರಿಯಾದನು. ಬದುಕಿನ ಕೊನೆಯವರೆಗೂ ಅದೇ ಅವನ ವೃತ್ತಿ. ಗಣಿತವೆಂಬುದು ಬಿಡುವಿನ ವೇಳೆಯ ವ್ಯಾಸಂಗವಾಗಿತ್ತು.

ಪ್ರಾಚೀನ ಗ್ರೀಕ್ ಗಣಿತಜ್ಞ ಅಪೊಲೋನಿಯಸನ ಕಳೆದುಹೋದ ಗ್ರಂಥವೊಂದನ್ನು, ಬೇರೆಯವರು ಉಳಿಸಿಹೋದ ವಿವರಗಳ ಆಧಾರದಿಂದ ಪುನಾರಚಿಸಲು ಫೆರ್ಮಾ ಕೈಹಾಕಿದ್ದನು. ಗ್ರಂಥಸಂಪಾದನಶಾಸ್ತ್ರವನ್ನು ಓದಿದವರಿಗೆ ಈ ಕೆಲಸದ ಕಷ್ಟ ತಿಳಿದದ್ದೇ. ಆ ಶ್ರಮದ ನಡುವೆ ಅವನಿಗೆ ಹೊಸ ದಾರಿಯೊಂದು ಹೊಳೆಯಿತು. ಒಂದು ಆಧಾರರೇಖೆಯನ್ನೆಳೆದು, ಅದರ ಮೇಲಿನ ದೂರ ಒಂದು, ಅಲ್ಲಿಂದೆದ್ದ ಎತ್ತರ ಇನ್ನೊಂದು ಎಂದಿಟ್ಟುಕೊಂಡರೆ, ಈ ಎರಡು ಅಜ್ಞಾತಗಳನ್ನು ಬೆಸೆಯುವ ಸಮೀಕರಣವೇ ಒಂದು ರೇಖೆಯನ್ನು ಬರೆಯುತ್ತದೆ; ಸಮೀಕರಣ ಮೊದಲ ಘಾತದ್ದಾಗಿದ್ದರೆ ಆ ರೇಖೆ ಸರಳರೇಖೆಯೇ ಆಗಿರುತ್ತದೆ.

ಇಂದಿನ ಶಾಲೆಯ ಲೆಕ್ಕ ಇದರಿಂದಲೇ ಬೆಳೆದದ್ದು. ಒಂದು ಬಿಂದುವಿನ ದೂರ 2, ಎತ್ತರ 3. ಮತ್ತೊಂದರ ದೂರ 6, ಎತ್ತರ 11 ಎಂದಿರಲಿ. ದೂರ 4 ಹೆಚ್ಚಿದಾಗ ಎತ್ತರ 8 ಹೆಚ್ಚಿತು, ಎಂದರೆ ಒಂದಕ್ಕೆ ಎರಡರಂತೆ. 2ರ ಇಮ್ಮಡಿ 4; ಎತ್ತರವಾದರೋ 3. ಆದುದರಿಂದ ಎತ್ತರವು ದೂರದ ಇಮ್ಮಡಿಗಿಂತ ಒಂದು ಕಡಿಮೆ. ಎರಡನೆಯ ಬಿಂದುವಿಗೂ ಇದು ಸಲ್ಲುತ್ತದೆ: 6ರ ಇಮ್ಮಡಿ 12, ಒಂದು ಕಳೆದರೆ 11. ಆ ಎರಡು ಬಿಂದುಗಳ ಮೂಲಕ ಹಾಯುವ ರೇಖೆಯ ಸಮೀಕರಣ ಇಷ್ಟೇ.

ಫೆರ್ಮಾ ಅಜ್ಞಾತ ಪರಿಮಾಣಗಳನ್ನು ಸ್ವರಾಕ್ಷರಗಳಿಂದಲೂ ಜ್ಞಾತವಾದುವನ್ನು ವ್ಯಂಜನಗಳಿಂದಲೂ ಸೂಚಿಸಿದನು. ಇದು ಹಿರಿಯ ಗಣಿತಜ್ಞ ವಿಯೆಟನ ಪದ್ಧತಿ. ಭಾಷೆಯ ವಿದ್ಯಾರ್ಥಿಗಳಿಗೆ ಪ್ರಿಯವಾಗಬಹುದಾದ ಈ ಕ್ರಮ ಉಳಿಯಲಿಲ್ಲ. ವರ್ಣಮಾಲೆಯ ಕೊನೆಯ ಅಕ್ಷರಗಳನ್ನು ಅಜ್ಞಾತಗಳಿಗೆ ಕೊಟ್ಟ ಡೆಕಾರ್ಟನ ಪದ್ಧತಿಯೇ ನಿಂತಿತು.

ಉಳಿದದ್ದು ಅಕ್ಷರಗಳಷ್ಟೇ ಅಲ್ಲ, ಹೆಸರೂ ಅವನದೇ. ಡೆಕಾರ್ಟನ ರೇಖಾಗಣಿತ 1637ರಲ್ಲಿ ಅಚ್ಚಾಯಿತು. ಅದನ್ನು ನೋಡುವ ಮೊದಲೇ ಫೆರ್ಮಾ ತನ್ನ ಬರಹವನ್ನು ಮುಗಿಸಿದ್ದನು. ಆದರೆ ಅದು ಹಸ್ತಪ್ರತಿಯಾಗಿ ಪ್ಯಾರಿಸಿನ ಕೆಲವೇ ವಿದ್ವಾಂಸರ ಕೈಗಳಲ್ಲಿ ಓಡಾಡಿತು. ಮರುವರ್ಷ ಸ್ಪರ್ಶರೇಖೆಯ ವಿಷಯದಲ್ಲಿ ಇಬ್ಬರ ನಡುವೆ ಕಟುವಾದ ವಾದ ನಡೆಯಿತು. ಆಗಲೂ ಫೆರ್ಮಾ ಗ್ರಂಥ ಪ್ರಕಟಣೆಯ ಗೋಜಿಗೆ ಹೋಗಲಿಲ್ಲ. ಅಚ್ಚಿಗೆ ಬೇಕಾದ ತಿದ್ದುವಿಕೆ, ವಿಸ್ತರಣೆಗಳು ಅವನಿಗೆ ಒಗ್ಗಿದವಲ್ಲ. ಇದನ್ನು ವಿನಯವೆನ್ನುವುದಕ್ಕಿಂತ ಉದಾಸೀನವೆನ್ನುವುದು ನ್ಯಾಯ.

1665ರ ಜನವರಿ 12ರಂದು, ನ್ಯಾಯಾಲಯದ ಕೆಲಸಕ್ಕಾಗಿ ಹೋಗಿದ್ದ ಕಾಸ್ತ್ರ್ ಪಟ್ಟಣದಲ್ಲಿ ಫೆರ್ಮಾ ತೀರಿಕೊಂಡನು. ತಂದೆಯ ಕಾಗದಪತ್ರಗಳನ್ನು ಒಟ್ಟುಗೂಡಿಸಿ ಮಗ ಸಾಮ್ಯುಯೆಲ್ ಅಚ್ಚಿಗೆ ಕೊಟ್ಟನು. ಸರಳರೇಖೆಯ ಆ ಬರಹ ಹೊರಬಂದದ್ದು 1679ರಲ್ಲಿ. ಅಷ್ಟರಲ್ಲಿ ಡೆಕಾರ್ಟನ ಪುಸ್ತಕಕ್ಕೆ 42 ವರ್ಷಗಳಾಗಿದ್ದವು.