ಮರಳಿ ದಖ್ಖನಿಗೆ: ಹಜರತ್ ಖ್ವಾಜಾ ಬಂದೇನವಾಜ್ (ರ.ಅ.)



ಕಮಲಾಪುರದಿಂದ ಮಕ್ಕಳನ್ನು ಕರೆದುಕೊಂಡು ಒಮ್ಮೆ ಕಲಬುರಗಿಯ ದರ್ಗಾಕ್ಕೆ ಹೋಗಿದ್ದೆ. ಬಸ್ಸಿನಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ. ಹಜರತರು ದೆಹಲಿಯವರಲ್ಲವೇ, ಮತ್ತೆ ತಮ್ಮ ಊರಿಗೆ ಏಕೆ ಹೋಗಲಿಲ್ಲ ಎಂದು. ಬಸ್ಸಿನ ಗದ್ದಲದಲ್ಲಿ ಅವನಿಗೆ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ಸೈಯದ್ ಮುಹಮ್ಮದ್ ಹುಸೈನಿಯವರು 1321ರಲ್ಲಿ ದೆಹಲಿಯಲ್ಲಿ ಜನಿಸಿದರು. ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ದೆಹಲಿಯ ಜನರನ್ನು ದೌಲತಾಬಾದಿಗೆ ಕಳುಹಿಸಿದ ಸಂಗತಿಯನ್ನು ನೀವು ಇತಿಹಾಸ ಪಾಠದಲ್ಲಿ ಓದಿದ್ದೀರಿ. ಆ ಜನರಲ್ಲಿ ಈ ಬಾಲಕನೂ ಅವನ ತಂದೆ ಸೈಯದ್ ಯೂಸುಫ್ ಹುಸೈನಿಯವರೂ ಇದ್ದರು. ತಂದೆಯವರು 1331ರಲ್ಲಿ ತೀರಿಕೊಂಡರು. ಅವರ ಮಜಾರ್ ದೌಲತಾಬಾದಿನ ಹತ್ತಿರದ ಖುಲ್ದಾಬಾದಿನಲ್ಲಿದೆ. 1335ರ ಹೊತ್ತಿಗೆ ತಾಯಿ ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಹಿಂದಿರುಗಿದರು. ಅಂದರೆ ಬಾಲ್ಯದ ಬಹುಭಾಗ ಕಳೆದದ್ದು ದಖ್ಖನಿನಲ್ಲಿ. ತಂದೆಯನ್ನು ಮಣ್ಣು ಮಾಡಿದ್ದೂ ಇಲ್ಲಿಯೇ. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

ದೆಹಲಿಯಲ್ಲಿ ಅವರು ಹಜರತ್ ನಸೀರುದ್ದೀನ್ ಚಿರಾಗ್ ದೆಹಲವಿ (ರ.ಅ.) ಅವರ ಮುರೀದರಾದರು. ಆಗ ಅವರಿಗೆ ಹದಿನೈದರ ಆಸುಪಾಸಿನ ವಯಸ್ಸು. ಪುಸ್ತಕದ ವಿದ್ಯೆ ಸಾಕು, ಇನ್ನು ಇಬಾದತ್ತಿನಲ್ಲೇ ಮುಳುಗಬೇಕು ಎಂದು ಶಿಷ್ಯ ಬಯಸಿದಾಗ ಗುರುಗಳು ಒಪ್ಪಲಿಲ್ಲ, ಓದು ಪೂರ್ತಿ ಮಾಡಲು ಹೇಳಿದರು. ಪರೀಕ್ಷೆ ಹತ್ತಿರ ಬಂದಾಗ ಬೇರೆ ಪುಣ್ಯದ ಕೆಲಸಗಳು ನೆನಪಾಗುವ ನಮ್ಮ ಕೆಲವು ಹುಡುಗರು ಇದನ್ನು ಎರಡು ಸಲ ಓದಲಿ. ಖಾಜಿ ಅಬ್ದುಲ್ ಮುಖ್ತದಿರ್ ಮೊದಲಾದ ವಿದ್ವಾಂಸರ ಬಳಿ ಅವರು ವ್ಯಾಸಂಗ ಮುಗಿಸಿದರು. 1356ರಲ್ಲಿ ಗುರುಗಳು ತೀರಿಕೊಂಡ ಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ದೆಹಲಿಯಲ್ಲೇ ಬೋಧನೆ ನಡೆಸಿದರು. ಗುರುಗಳ ಪಲ್ಲಕ್ಕಿ ಹೊರುವಾಗ ಅವರ ಉದ್ದ ಕೂದಲು ಅದಕ್ಕೆ ಸಿಕ್ಕಿಕೊಂಡರೂ ಬಿಡಿಸಿಕೊಳ್ಳದೆ ನಡೆದರೆಂದೂ ಅದರಿಂದ ಗೇಸೂದರಾಜ್ ಎಂಬ ಹೆಸರು ಬಂತೆಂದೂ ಹೇಳುತ್ತಾರೆ.

1398ರ ಡಿಸೆಂಬರಿನಲ್ಲಿ ತೈಮೂರನ ಸೈನ್ಯ ದೆಹಲಿಯ ಬಾಗಿಲಿಗೆ ಬಂತು. ಎಪ್ಪತ್ತೇಳು ವರ್ಷದ ವೃದ್ಧರು ಮನೆಮಂದಿ ಮತ್ತು ಶಿಷ್ಯರೊಂದಿಗೆ ಊರು ಬಿಟ್ಟರು. ನಡಿಗೆ, ಎತ್ತು, ಕುದುರೆಗಳ ಕಾಲವದು. ಗ್ವಾಲಿಯರ್, ಚಂದೇರಿ, ನಂತರ ಗುಜರಾತ್, ಹೀಗೆ ತಂಗುತ್ತ ತಂಗುತ್ತ ಒಂದು ವರ್ಷಕ್ಕೂ ಮೀರಿ ದಾರಿಯಲ್ಲೇ ಕಳೆಯಿತು. ದಾರಿಯಲ್ಲೂ ಪಾಠ ನಿಲ್ಲಲಿಲ್ಲ. ಹಿರಿಯ ಮಗ ಸೈಯದ್ ಅಕ್ಬರ್ ಹುಸೈನಿಯವರು ತಂದೆಯ ಮಾತುಗಳನ್ನು ಬರೆದಿಟ್ಟ ಜವಾಮಿ ಉಲ್ ಕಲಿಮ್ ಗ್ರಂಥ 1400ರ ಸುಮಾರಿನದು. ಮುಂದೆ ಈ ಮಗ ತಂದೆಗಿಂತ ಮೊದಲೇ ತೀರಿಕೊಂಡರು.

ಕೊನೆಗೆ ಅವರು ತಂದೆಯ ಮಜಾರಿನ ಜಿಯಾರತ್ ಮಾಡಿದರು. ಹದಿನಾಲ್ಕು ವರ್ಷದವರಾಗಿ ಬಿಟ್ಟು ಹೋದ ಮಣ್ಣಿಗೆ ಎಂಬತ್ತರ ಹೊಸ್ತಿಲಲ್ಲಿ ಬಂದು ನಿಂತಿದ್ದರು. ಹೋದದ್ದು ತಂದೆಯಿಲ್ಲದ ಹುಡುಗ, ಬಂದದ್ದು ಹಿಂದುಸ್ತಾನದ ಹಿರಿಯ ಚಿಶ್ತಿ ಗುರು. ಅವರ ಹಿಂದೆ ದೆಹಲಿ ಲೂಟಿಯಾಗಿ ಬಿದ್ದಿತ್ತು.

ಬಹಮನಿ ಸುಲ್ತಾನ್ ಫಿರೋಜ್ ಷಾ ಅವರನ್ನು ರಾಜಧಾನಿ ಗುಲ್ಬರ್ಗಕ್ಕೆ ಬರಮಾಡಿಕೊಂಡರು. ಕೋಟೆಯ ಹತ್ತಿರ ಖಾನ್‌ಖಾ ಆಯಿತು. ಈ ವಯಸ್ಸಿನಲ್ಲಿ ಹೊಸದಾಗಿ ಪಾಠಶಾಲೆ ಕಟ್ಟುವವರು ಎಷ್ಟು ಜನ? ಇಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕುರಾನ್, ಹದೀಸ್, ತಸವ್ವುಫ್ ಬೋಧಿಸಿದರು, ಅರಬ್ಬಿ ಮತ್ತು ಪಾರ್ಸಿಯಲ್ಲಿ ಗ್ರಂಥಗಳನ್ನು ಬರೆದರು. ಮಿರಾಜ್ ಉಲ್ ಆಶಿಕೀನ್ ಎಂಬ ದಖನಿ ಗದ್ಯ ಕೃತಿಯೂ ಅವರದೇ ಎಂದು ಉರ್ದು ಪಠ್ಯಗಳು ಬಹಳ ಕಾಲ ಹೇಳುತ್ತಿದ್ದವು. ನಂತರದ ಸಂಶೋಧಕರು ಅದನ್ನು ಒಪ್ಪುವುದಿಲ್ಲ. ಉರ್ದು ಶಿಕ್ಷಕನಾಗಿ ನನಗೆ ಸ್ವಲ್ಪ ಬೇಸರವಾದರೂ ತರಗತಿಯಲ್ಲಿ ಸರಿಯಾದದ್ದನ್ನೇ ಹೇಳಬೇಕು. ಅವರ ಹಿರಿಮೆಗೆ ಆ ಒಂದು ಪುಸ್ತಕ ಬೇಕಾಗಿಯೂ ಇಲ್ಲ.

ಆಸ್ಥಾನದೊಂದಿಗಿನ ಸ್ನೇಹ ಉಳಿಯಲಿಲ್ಲ. ಫಿರೋಜ್ ಷಾ ತಮ್ಮ ಮಗನನ್ನು ಉತ್ತರಾಧಿಕಾರಿ ಮಾಡಿ ದುಆ ಕೇಳಿದಾಗ ಹಜರತರು ಒಪ್ಪಲಿಲ್ಲವೆಂದೂ, ರಾಜ್ಯ ಸುಲ್ತಾನರ ತಮ್ಮ ಅಹ್ಮದನಿಗೆ ಸಲ್ಲುವುದೆಂದು ಸೂಚಿಸಿದರೆಂದೂ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಜನಜಂಗುಳಿಯ ನೆಪ ಹೇಳಿ ಕೋಟೆಯ ಬಳಿಯಿಂದ ಅವರನ್ನು ದೂರ ಕಳುಹಿಸಲಾಯಿತು. ಹೀಗೆ ಇನ್ನೊಮ್ಮೆ ಮನೆ ಬದಲಾಯಿತು. ಈಗಿನ ದರ್ಗಾ ಇರುವುದು ಆ ಹೊಸ ಜಾಗದಲ್ಲೇ.

1422ರಲ್ಲಿ ಅಹ್ಮದ್ ಷಾ ಪಟ್ಟಕ್ಕೆ ಬಂದರು. ಅದೇ ವರ್ಷ ನವೆಂಬರ್ 1ರಂದು, ಹಿಜ್ರಿ 825ರ ಜಿಲ್ಕಾದ್ 16ರಂದು, ನೂರು ದಾಟಿದ ಹಜರತರು ವಫಾತಾದರು. ಅವರ ಗುಂಬಜ್ ಕಟ್ಟಿಸಿದ್ದು ಅಹ್ಮದ್ ಷಾ. ಆದರೆ ಕೆಲವೇ ವರ್ಷಗಳಲ್ಲಿ ಅವರು ರಾಜಧಾನಿಯನ್ನು ಬೀದರಿಗೆ ಒಯ್ದರು. ಅವರ ಸ್ವಂತ ಗೋರಿ ಬೀದರಿನ ಅಷ್ಟೂರಿನಲ್ಲಿದೆ. ಕಲಬುರಗಿಯಿಂದ ಬೀದರಿಗೆ ಹೋಗುವ ಬಸ್ಸು ಇಂದು ನಮ್ಮ ಕಮಲಾಪುರದ ಮೇಲೆಯೇ ಹಾದುಹೋಗುತ್ತದೆ. ಸುಲ್ತಾನರು ಆ ಕಡೆ ಹೋದರು, ದೆಹಲಿಯಿಂದ ಬಂದ ಹಜರತರು ಇಲ್ಲೇ ಉಳಿದರು. ಪ್ರತಿ ವರ್ಷ ಜಿಲ್ಕಾದ್ ತಿಂಗಳಲ್ಲಿ ಸಂದಲ್ ಮೆರವಣಿಗೆ ಹೊರಡುವಾಗ ಆ ಹುಡುಗನೂ ಎಲ್ಲೋ ಜನರ ನಡುವೆ ಇರುತ್ತಾನೆ.