ವ್ಯಾಪಾರಿಯ ಮಗ ಉಚ್ಚಾರದ ಗುರುವಾದ ಕಥೆ: ಇಬ್ನುಲ್ ಜಝರಿ

ಅರಬಿ ಭಾಷೆಯಲ್ಲಿ ಎರಡು ಪದಗಳಿವೆ. ಕನ್ನಡದಲ್ಲಿ ಬರೆದರೆ ಎರಡೂ ‘ಕಲ್ಬ್’ ಅಂತಲೇ ಆಗುತ್ತೆ. ಆದರೆ ಒಂದರ ಅರ್ಥ ಹೃದಯ, ಇನ್ನೊಂದರ ಅರ್ಥ ನಾಯಿ. ವ್ಯತ್ಯಾಸ ಇರೋದು ಮೊದಲ ಅಕ್ಷರದಲ್ಲಿ ಮಾತ್ರ. ಹೃದಯ ಅನ್ನುವಾಗ ನಾಲಿಗೆಯ ಬುಡ ಗಂಟಲ ಹತ್ತಿರ, ಹಿಂದಕ್ಕೆ ತಾಗಬೇಕು. ಸ್ವಲ್ಪ ಮುಂದೆ ತಾಗಿತೋ, ಹೃದಯ ಹೋಗಿ ನಾಯಿ ಆಯ್ತು!

ಕುರ್‌ಆನ್ ಓದುವವರಿಗೆ ಇದು ತಮಾಷೆಯ ವಿಷಯ ಅಲ್ಲ. ಪ್ರತಿ ಅಕ್ಷರ ಬಾಯಿಯ ಯಾವ ಜಾಗದಿಂದ ಹೊರಡಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಮೂಗಿನಲ್ಲಿ ಗುಂಯ್‌ಗುಡಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆಲ್ಲ ನಿಯಮ ಉಂಟು. ಆ ವಿದ್ಯೆಯ ಹೆಸರು ತಜ್ವೀದ್. ಇವತ್ತು ಯಾವ ದೇಶದ ತಜ್ವೀದ್ ತರಗತಿಗೆ ಹೋದರೂ ಒಂದು ಹೆಸರು ಕೇಳದೇ ಇರೋದು ಕಷ್ಟ. ಅದು ಇಬ್ನುಲ್ ಜಝರಿ. ಅವರು ತೀರಿಕೊಂಡು ಆರು ಶತಮಾನವೇ ಆಗುತ್ತಾ ಬಂತು.

ನಲವತ್ತು ವರ್ಷ ಕಾದ ತಂದೆ

1350ರ ನವೆಂಬರ್. ಈಗಿನ ಸಿರಿಯಾದ ಡಮಾಸ್ಕಸ್ ನಗರ. ಅಲ್ಲೊಬ್ಬ ವ್ಯಾಪಾರಿ. ಮದುವೆಯಾಗಿ ನಲವತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಹಜ್ ಯಾತ್ರೆಗೆ ಹೋದಾಗ ಝಮ್‌ಝಮ್ ನೀರು ಕುಡಿದು, ವಿದ್ವಾಂಸನಾಗುವ ಒಬ್ಬ ಮಗನನ್ನು ಕೊಡು ಅಂತ ದೇವರಲ್ಲಿ ಬೇಡಿಕೊಂಡರು ಎಂಬುದು ಜೀವನಚರಿತ್ರೆಗಳಲ್ಲಿ ಬರುವ ಮಾತು. ಅದಾದ ಮೇಲೆ ರಮಝಾನ್ ತಿಂಗಳ ಒಂದು ರಾತ್ರಿ ಮಗ ಹುಟ್ಟಿದ. ಹೆಸರು ಮುಹಮ್ಮದ್. ಟೈಗ್ರಿಸ್ ನದಿ ದಂಡೆಯ ಜಝೀರತ್ ಇಬ್ನ್ ಉಮರ್ ಎಂಬ ಊರಿನಿಂದ ಮನೆತನಕ್ಕೆ ಜಝರಿ ಎಂಬ ಹೆಸರು ಬಂತು. ಆ ಊರು ಈಗ ಟರ್ಕಿಯಲ್ಲಿದೆ.

ಹುಡುಗ ಹದಿಮೂರರ ಹೊತ್ತಿಗೆ ಇಡೀ ಕುರ್‌ಆನನ್ನು ಬಾಯಿಪಾಠ ಮಾಡಿದ್ದ. ಮರುವರ್ಷ ನಮಾಝಿಗೆ ನಿಂತು ಜನರ ಮುಂದೆ ಓದಿದ. ಸಾಮಾನ್ಯವಾಗಿ ಮನೆಯವರಿಗೆ ಇಷ್ಟಕ್ಕೇ ಸಂತೋಷ ಆಗಿಬಿಡುತ್ತೆ. ಈ ಹುಡುಗನಿಗೆ ಅಷ್ಟು ಸಾಲಲಿಲ್ಲ.

ಕಾರಣ ಇಷ್ಟೇ. ಪ್ರವಾದಿಯವರ ಕಾಲದಿಂದ ಗುರು ಶಿಷ್ಯರ ಬಾಯಿಯಿಂದ ಬಾಯಿಗೆ ಇಳಿದು ಬಂದ ಓದುವ ಕ್ರಮಗಳು ಹಲವು. ಗ್ರಂಥ ಒಂದೇ, ಆದರೆ ಕೆಲವು ಪದಗಳ ಉಚ್ಚಾರ, ಸ್ವರದ ಎಳೆತ, ಒತ್ತುಗಳಲ್ಲಿ ಒಬ್ಬ ಗುರುವಿನ ಪರಂಪರೆಗೂ ಇನ್ನೊಬ್ಬರದಕ್ಕೂ ಸಣ್ಣ ವ್ಯತ್ಯಾಸ. ಇವುಗಳನ್ನು ಪುಸ್ತಕ ನೋಡಿ ಕಲಿಯೋ ಹಾಗಿಲ್ಲ. ಗುರುವಿನ ಎದುರು ಕೂತು, ಮೊದಲಿನಿಂದ ಕೊನೆವರೆಗೆ ಓದಿ ಒಪ್ಪಿಸಬೇಕು. ತಪ್ಪಿದರೆ ಗುರು ತಡೆದು ತಿದ್ದುತ್ತಾರೆ. ಪೂರ್ತಿ ಸರಿಯಾದ ಮೇಲೆ ಕಲಿಸಲು ಅನುಮತಿ ಸಿಗುತ್ತೆ. ಅದಕ್ಕೆ ಇಜಾಝತ್ ಅಂತಾರೆ.

ಡಮಾಸ್ಕಸಿನ ಗುರುಗಳ ಹತ್ತಿರ ಕಲಿತಿದ್ದಾಯಿತು. ಹಜ್‌ಗೆ ಹೋದಾಗ ಮದೀನಾದಲ್ಲಿ ಕಲಿತಿದ್ದಾಯಿತು. ಆಮೇಲೆ ಕೈರೋ ದಾರಿ ಹಿಡಿದರು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಊರಿಗೆ ಬಂದ ಮೇಲೆ ಡಮಾಸ್ಕಸಿನ ಉಮಯ್ಯದ್ ಮಸೀದಿಯ ದೊಡ್ಡ ಗುಮ್ಮಟದ ಕೆಳಗೆ ಕೂತು ವರ್ಷಗಟ್ಟಲೆ ಪಾಠ ಹೇಳಿದರು. ಕುರ್‌ಆನ್ ಕಲಿಕೆಗೆ ಅಂತಲೇ ಒಂದು ಶಾಲೆಯನ್ನೂ ಕಟ್ಟಿಸಿದರು. ನಮ್ಮ ಉಪಖಂಡದಲ್ಲಿ ಉರ್ದು ಅನುವಾದದಲ್ಲಿ ಪ್ರಸಿದ್ಧವಾಗಿರುವ ‘ಹಿಸ್ನೆ ಹಸೀನ್’ ಎಂಬ ಪ್ರಾರ್ಥನೆಗಳ ಪುಸ್ತಕವೂ ಇವರದೇ.

ಅಂಗುಳ, ಹಲ್ಲು, ತುಟಿಯ ಲೆಕ್ಕ

ಇವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಮಾತ್ರ ಒಂದು ಪುಟ್ಟ ಪದ್ಯಕೃತಿ. ಸುಮಾರು 107 ದ್ವಿಪದಿಗಳು, ಅಷ್ಟೇ. ಜನ ಅದನ್ನು ‘ಜಝರಿಯ್ಯಾ’ ಅಂತಲೇ ಕರೀತಾರೆ. ತಜ್ವೀದಿನ ನಿಯಮಗಳನ್ನೆಲ್ಲ ಮಕ್ಕಳು ಬಾಯಿಪಾಠ ಮಾಡುವ ಹಾಗೆ ಪದ್ಯದಲ್ಲಿ ಕಟ್ಟಿಕೊಟ್ಟಿದ್ದಾರೆ.

ಅದರ ಆರಂಭದಲ್ಲೇ ಬರುವ ಪಾಠ ಅಕ್ಷರಗಳ ಜನ್ಮಸ್ಥಾನದ್ದು. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ಥಟ್ಟನೆ ಅರ್ಥ ಆಗುತ್ತೆ. ನಮ್ಮ ವರ್ಣಮಾಲೆಯ ಸಾಲನ್ನೇ ನೋಡಿ. ‘ಕ’ ಗಂಟಲಿನ ಕಡೆಯದು, ‘ಚ’ ಅಂಗುಳದ್ದು, ‘ಟ’ಗೆ ನಾಲಿಗೆ ಮೇಲಕ್ಕೆ ಮಡಚಬೇಕು, ‘ತ’ ಹಲ್ಲಿನದ್ದು, ‘ಪ’ ತುಟಿಯದ್ದು. ಒಳಗಿನಿಂದ ಹೊರಕ್ಕೆ ಸಾಲು ಬರುತ್ತೆ. ಜಝರಿಯವರ ಪಾಠವೂ ಒಳಗಿನಿಂದ ಹೊರಕ್ಕೇ. ಒಟ್ಟು 17 ಜಾಗ: ಬಾಯಿಯ ಪೊಳ್ಳಿನಲ್ಲಿ 1, ಗಂಟಲಲ್ಲಿ 3, ನಾಲಿಗೆಯಲ್ಲಿ 10, ತುಟಿಯಲ್ಲಿ 2, ಮೂಗಿನಲ್ಲಿ 1.

ಕಷ್ಟ ಇರೋದು ನಮ್ಮಲ್ಲಿ ಇಲ್ಲದ ಧ್ವನಿಗಳಲ್ಲಿ. ‘ಹ’ ಥರ ಕೇಳುವ ಅಕ್ಷರ ಅರಬಿಯಲ್ಲಿ ಎರಡಿವೆ. ಒಂದು ಗಂಟಲ ತಳದಿಂದ, ಇನ್ನೊಂದು ಗಂಟಲ ನಡುವಿನಿಂದ. ‘ಸ’ ಕೂಡ ಎರಡು, ಒಂದು ತೆಳು, ಒಂದು ದಪ್ಪ. ‘ತ’ದ್ದೂ ಇದೇ ಕಥೆ. ಕನ್ನಡ, ಉರ್ದು, ಬ್ಯಾರಿ, ನವಾಯತಿ, ಮನೆಯಲ್ಲಿ ಯಾವ ಮಾತೇ ಇರಲಿ, ಕಲಿಯುವ ಮಗು ಇಲ್ಲಿ ಬಂದು ಒಮ್ಮೆ ಮುಗ್ಗರಿಸಿಯೇ ಮುಂದೆ ಹೋಗೋದು.

ಕೆಲವು ನಿಯಮ ಮಾತ್ರ ನಮಗೆ ಗೊತ್ತಿಲ್ಲದೆಯೇ ಗೊತ್ತಿರುತ್ತೆ. ‘ಗಂಟೆ’ ಅನ್ನುವಾಗಿನ ಸೊನ್ನೆ ಬೇರೆ, ‘ಕಂಬ’ ಅನ್ನುವಾಗಿನ ಸೊನ್ನೆ ಬೇರೆ. ‘ಬ’ ಮುಂದಿದ್ದರೆ ತುಟಿ ತಾನಾಗೇ ಮುಚ್ಚಿ ಸೊನ್ನೆ ‘ಮ’ ಆಗಿಬಿಡುತ್ತೆ. ತಜ್ವೀದಿನಲ್ಲೂ ಸ್ವರವಿಲ್ಲದ ‘ನ’ ಮುಂದೆ ‘ಬ’ ಬಂದರೆ ಅದನ್ನು ‘ಮ’ ಮಾಡಿ, ಮೂಗಿನಲ್ಲಿ ಸ್ವಲ್ಪ ಹಿಡಿದು ಓದಬೇಕು. ನಾವು ಯೋಚನೆಯಿಲ್ಲದೆ ಮಾಡೋದಕ್ಕೆ ಅಲ್ಲಿ ಹೆಸರಿಟ್ಟು, ಎಷ್ಟು ಹೊತ್ತು ಹಿಡಿಯಬೇಕು ಅಂತಲೂ ಅಳತೆ ಇಟ್ಟಿದ್ದಾರೆ.

ಇಷ್ಟೆಲ್ಲ ನಿಯಮ ಬರೆದವರೇ ಕೊನೆಗೆ ಹೇಳಿದ್ದು, ಬಾಯಿಯನ್ನು ಪಳಗಿಸದೆ ಇದು ದಕ್ಕುವುದಿಲ್ಲ ಅಂತ. ಹಾಗಂತ ಗಂಟಲು ಹಿಂಡಿಕೊಂಡು, ಮುಖ ಸೊಟ್ಟ ಮಾಡಿ ಓದುವುದೂ ಅವರಿಗೆ ಹಿಡಿಸುತ್ತಿರಲಿಲ್ಲ. ಓದು ಸಲೀಸಾಗಿ, ಮೃದುವಾಗಿ ಬರಬೇಕು.

ಊರು ಬಿಟ್ಟವರ ಕೈಯಲ್ಲಿ ವಿದ್ಯೆ

ಐವತ್ತರ ಹತ್ತಿರ ಬರುವಾಗ ಬದುಕು ತಿರುಗಿತು. ಈಜಿಪ್ಟಿನ ಅಧಿಕಾರಸ್ಥರ ಜೊತೆ ಲೆಕ್ಕಪತ್ರದ ತಕರಾರು ಎದ್ದು, ಆಸ್ತಿ ಮುಟ್ಟುಗೋಲಾಯಿತು. 1396ರ ಹೊತ್ತಿಗೆ ಅವರು ದೇಶ ಬಿಟ್ಟು ಆಟೊಮನ್ನರ ರಾಜಧಾನಿ ಬುರ್ಸಾ ಸೇರಿದರು. ಸುಲ್ತಾನ್ ಬಯಜೀದ್ ಗೌರವದಿಂದ ಬರಮಾಡಿಕೊಂಡ.

ಮನೆಮಠ ಕಳೆದುಕೊಂಡವರು ಅಲ್ಲಿ ಕೂತು ಬರೆದದ್ದೇ ಅವರ ಅತಿ ದೊಡ್ಡ ಗ್ರಂಥ ‘ಅನ್ನಶ್ರ್’. ಅಲ್ಲಿವರೆಗೆ ಏಳು ಓದುವ ಕ್ರಮಗಳಿಗೆ ಹೆಚ್ಚು ಮನ್ನಣೆ ಇತ್ತು. ಇನ್ನೂ ಮೂರು ಕ್ರಮಗಳು ಅಷ್ಟೇ ಗಟ್ಟಿ ಅಂತ ಇವರು ತೋರಿಸಿಕೊಟ್ಟರು. ಯಾರು ಯಾರಿಂದ ಕೇಳಿ ಕಲಿತರು ಅನ್ನುವ ಸರಪಳಿಗಳನ್ನು, ಹೆಚ್ಚುಕಡಿಮೆ ಸಾವಿರ ದಾರಿಗಳನ್ನು, ಒಂದೊಂದಾಗಿ ಪರೀಕ್ಷೆ ಮಾಡಿ ದಾಖಲಿಸಿದರು. ಹತ್ತು ಕ್ರಮ ಅಂತ ಇವತ್ತು ಜಗತ್ತು ಒಪ್ಪಿಕೊಂಡಿರುವುದಕ್ಕೆ ಈ ಕೆಲಸವೇ ಮುಖ್ಯ ಆಧಾರ.

ಆ ಹೊತ್ತಿಗೆ ಇದು ಎಷ್ಟು ಅಗತ್ಯ ಇತ್ತು ಅನ್ನೋದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. 1401ರಲ್ಲಿ ತೈಮೂರನ ಸೇನೆ ಡಮಾಸ್ಕಸನ್ನು ದೋಚಿತು. ಇವರು ಕೂತು ಪಾಠ ಹೇಳಿದ್ದ ಉಮಯ್ಯದ್ ಮಸೀದಿಗೂ ಬೆಂಕಿ ಬಿತ್ತು. ಬಾಯಿಂದ ಬಾಯಿಗೆ ಬರುವ ವಿದ್ಯೆಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ಪುಸ್ತಕ ಸುಟ್ಟರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಗಬಹುದು. ಕಲಿತ ಗುರುಗಳೇ ಚದುರಿಹೋದರೆ ಉಚ್ಚಾರ ಕೇಳೋದು ಯಾರ ಹತ್ತಿರ?

1402ರಲ್ಲಿ ಅಂಕಾರಾ ಬಳಿ ಬಯಜೀದ್ ಸೋತು ಸೆರೆಸಿಕ್ಕ. ತೈಮೂರ್ ಜಝರಿಯವರನ್ನು ತನ್ನ ಜೊತೆ ಮಧ್ಯ ಏಷ್ಯಾಕ್ಕೆ ಕರೆದೊಯ್ದ. ಕೇಶ್, ಸಮರ್ಕಂದಗಳಲ್ಲಿ ಅವರು ಮತ್ತೆ ಪಾಠಕ್ಕೆ ಕೂತರು. 1405ರಲ್ಲಿ ತೈಮೂರ್ ಸತ್ತ ಮೇಲೆ ಅಲ್ಲಿಂದ ಹೊರಟು ಹೆರಾತ್, ಯಜ್ದ್, ಇಸ್ಫಹಾನ್ ದಾಟಿ ಈಗಿನ ಇರಾನಿನ ಶಿರಾಜ್ ನಗರಕ್ಕೆ ಬಂದರು. ದಾರಿಯುದ್ದಕ್ಕೂ ಜನ ಬಂದು ಓದಿ ಒಪ್ಪಿಸಿ ಕಲಿತರು. ಶಿರಾಜಿನಲ್ಲಿ ಆಳುವವರು ಅವರನ್ನು ಖಾಝಿ ಮಾಡಿದರು. ಅಲ್ಲೂ ಒಂದು ಕುರ್‌ಆನ್ ಶಾಲೆ ಎದ್ದಿತು.

ದರೋಡೆಯಾದ ಮೇಲೂ ಪದ್ಯ

ಎಪ್ಪತ್ತರ ಅಂಚಿನಲ್ಲಿ ಮತ್ತೆ ಹಜ್‌ಗೆ ಹೊರಟರು. ಅರೇಬಿಯಾದ ನಜ್ದ್ ಪ್ರಾಂತ್ಯದ ಉನೈಝಾ ಕಡೆ ದರೋಡೆಕೋರರು ಮುತ್ತಿ ಇದ್ದಬದ್ದದ್ದನ್ನೆಲ್ಲ ದೋಚಿದರು. ಆ ವರ್ಷದ ಹಜ್ ಕೈತಪ್ಪಿತು. ಅಲ್ಲಿ ಸಿಕ್ಕಿಬಿದ್ದಿದ್ದಾಗ ಸುಮ್ಮನೆ ಕೂರಲಿಲ್ಲ. ತಾವು ಎತ್ತಿಹಿಡಿದ ಆ ಮೂರು ಓದುವ ಕ್ರಮಗಳ ಬಗ್ಗೆ ‘ಅದ್ದುರ್ರಾ’ ಎಂಬ ಪದ್ಯಕೃತಿ ಬರೆದರು. ಸಾಮಾನು ಹೋಗಿತ್ತು, ಕಲಿತದ್ದು ಹೋಗಿರಲಿಲ್ಲ. ಹತ್ತು ಕ್ರಮ ಕಲಿಯುವವರು ಇಂದಿಗೂ ಅದನ್ನು ಬಾಯಿಪಾಠ ಮಾಡ್ತಾರೆ. ಮುಂದೆ ಮದೀನಾ, ಮಕ್ಕಾ ತಲುಪಿ, ಮುಂದಿನ ಹಜ್ ಮಾಡಿಯೇ ಮರಳಿದರು.

ಅಪ್ಪನ ವ್ಯಾಪಾರದ ರಕ್ತ ಕೂಡ ಬತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಯೆಮನ್‌ಗೆ ಹೋದದ್ದು ವ್ಯಾಪಾರಿಯಾಗಿ. ಅಲ್ಲೂ ಜನ ಪಾಠಕ್ಕೆ ಮುತ್ತಿಕೊಂಡರು.

ಅವರ ಮನೆಯಲ್ಲೇ ಒಬ್ಬ ಒಳ್ಳೆಯ ವಿದ್ಯಾರ್ಥಿನಿ ಇದ್ದಳು, ಮಗಳು ಸಲ್ಮಾ. ಆಕೆ ಕುರ್‌ಆನ್ ಬಾಯಿಪಾಠ ಮಾಡಿ, ಅಪ್ಪನ ತಜ್ವೀದ್ ಪದ್ಯ ಕಲಿತು, ಹತ್ತೂ ಕ್ರಮಗಳಲ್ಲಿ ಓದುವ ಮಟ್ಟ ಮುಟ್ಟಿದಳು. ಕುರ್‌ಆನ್ ಓದುಗರ ಜೀವನಚರಿತ್ರೆಗಳ ತಮ್ಮ ದೊಡ್ಡ ಕೋಶದಲ್ಲಿ, ಹೆಸರಾಂತ ಗುರುಗಳ ನಡುವೆ, ಜಝರಿ ಮಗಳ ಬಗ್ಗೆಯೂ ಬರೆದಿದ್ದಾರೆ.

1429ರ ಡಿಸೆಂಬರ್ ಆರಂಭದ ಒಂದು ಶುಕ್ರವಾರ ಶಿರಾಜಿನಲ್ಲಿ ಇಬ್ನುಲ್ ಜಝರಿ ತೀರಿಕೊಂಡರು. ವಯಸ್ಸು 79. ತಾವೇ ಕಟ್ಟಿಸಿದ್ದ ಕುರ್‌ಆನ್ ಶಾಲೆಯಲ್ಲೇ ಮಣ್ಣು ಮಾಡಿದರು.

ಈಗ ಮೊಬೈಲ್ ಒತ್ತಿದರೆ ಯಾವ ದೇಶದ ಖಾರಿಯ ಓದು ಬೇಕಾದರೂ ಕೇಳಬಹುದು. ಕೇಳೋಕೆ ಅದು ಒಳ್ಳೆಯದೇ. ಆದರೆ ಮೊಬೈಲ್ ತಾನು ಓದುತ್ತೆ, ಎದುರಿಗೆ ಕೂತ ಮಗುವಿನ ನಾಲಿಗೆ ಎಲ್ಲಿ ತಪ್ಪಿತು ಅಂತ ಉಸ್ತಾದರ ಹಾಗೆ ತಡೆದು ಹೇಳೋದಿಲ್ಲ. ಹತ್ತು ಕ್ರಮಗಳಲ್ಲಿ ಇಜಾಝತ್ ಪಡೆದವರ ಗುರುಪರಂಪರೆಯ ಪಟ್ಟಿಯನ್ನು ಇಂದು ತೆಗೆದು ನೋಡಿದರೆ, ಹಿಂದೆ ಹಿಂದೆ ಹೋದ ಹಾಗೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಹೆಸರಿಗೆ ಬಂದು ಸೇರುತ್ತವೆ. ಡಮಾಸ್ಕಸಿನ ಆ ವ್ಯಾಪಾರಿ ನಲವತ್ತು ವರ್ಷ ಕಾದು ಪಡೆದ ಮಗನ ಹೆಸರಿಗೆ.